ಸವಳು ನೀರಾಗ ಸಸಿ ಬೆಳಸೂದು: ಎಲಿ ತುದಿ ಸುಡಾಕತ್ತಾವ, ಗೊಬ್ಬರ ಹೆಚ್ಚ ಮಾಡ್ಲೋ ಬಿಡ್ಲೋ?

ಡೋಣಿದಂಡೆ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ತಾಳಿಕೋಟಿ ಕಡೆ, ಡೋಣಿ ಹೊಳಿ ಹತ್ರ. ಬದುವಿಗೆ ಹಚ್ಚಾಕ ಅಂತ ಮನಿ ಹಿಂದ ಸುಮಾರು ಎರಡು ಸಾವಿರ ಸಸಿ ಮಾಡೀನಿ. ಬೇವು, ಹೊಂಗಿ, ಹೆಬ್ಬೇವು, ಒಂದಿಷ್ಟು ಶ್ರೀಗಂಧ, ಒಂದಿಷ್ಟು ಲಿಂಬಿ. ಎರಿಮಣ್ಣು, ಉಸುಕು, ತಿಪ್ಪಿಗೊಬ್ಬರ ಕೂಡಿಸಿ 6 ಇಂಚು ಅಗಲ 9 ಇಂಚು ಉದ್ದದ ಪಾಕೀಟಿಗೆ ತುಂಬೀವಿ.

ಮಳಿಗಾಲದಾಗ ಎಲ್ಲಾ ಚಂದ ಇದ್ದುವು. ಮಳಿ ನಿಂತು ಬೋರಿನ ನೀರು ಚಾಲೂ ಮಾಡಿದ ಮ್ಯಾಲೆ ಹೆಬ್ಬೇವಿನ ಎಲಿ ತುದಿಯಿಂದ ಒಳಗ ಒಳಗ ಕಂದಾಗಿ ಒಣಗಾಕತ್ತಾವ. ಲಿಂಬಿ ಎಲಿ ಉದುರಾಕತ್ತಾವ. ಬೇವಿಗೆ ಏನೂ ಆಗಿಲ್ಲ. ಪಾಕೀಟಿನ ಬಾಯಾಗ ಬೆಳ್ಳಗ ಸುಣ್ಣ ಬಳದಂಗ ಪದರ ಕಟ್ಟೈತಿ. ಗೊಬ್ಬರದ ಅಂಗಡಿಯವರು ಫೋಟೋ ನೋಡಿ "ಪೋಷಕಾಂಶ ಕಡಿಮಿ ಆಗೈತಿ, ವಾರಕ್ಕೊಮ್ಮೆ 19:19:19 ಗೊಬ್ಬರ ಹಾಕ್ರಿ, ಪಾಕೀಟಿಗೆ ಒಂದು ಚಿಟಿಕಿ ಪೊಟ್ಯಾಷ್ ಹಾಕ್ರಿ" ಅಂದ್ರು. ಇನ್ನೂ ಹಾಕಿಲ್ಲ. ಮೊದಲ ಇಲ್ಲಿ ಕೇಳೂಣು ಅಂತ ಬಂದೀನಿ. ಹಾಕ್ಲ್ಯಾ?

ಕೆಂಪುಮಣ್ಣು
ಹಾಕಬೇಡಿ. ಬಿಳಿ ಪದರ ಅಂದ್ರಲ್ಲ, ಅದೇ ಉತ್ತರ. ಅದು ಉಪ್ಪು. ಗೊಬ್ಬರವೂ ಉಪ್ಪೇ. ಉಪ್ಪಿನ ಮೇಲೆ ಉಪ್ಪು ಸುರೀತೀರಿ.

ನೆರಳುಬಲೆ
ಅಷ್ಟು ಬೇಗ ತೀರ್ಮಾನ ಯಾಕೆ? ಪೊಟ್ಯಾಷ್ ಕೊರತೆ ಆದ್ರೂ ಎಲೆ ಅಂಚು ಹೀಗೇ ಸುಡುತ್ತೆ. ನನ್ನ ನರ್ಸರಿಯಲ್ಲಿ ಸಿಲ್ವರ್ ಓಕ್‌ಗೆ ಪೊಟ್ಯಾಷ್ ಕೊಟ್ಟ ಮೇಲೇ ಸರಿ ಹೋಗಿದ್ದು. ನೀರಿನ ರಿಪೋರ್ಟ್ ಇದೆಯಾ ಮೊದಲು ಕೇಳಿ.

ಕೆಂಪುಮಣ್ಣು
ನಿಮ್ಮದು ತುಮಕೂರು ಕಡೆಯ ಕೆಂಪು ಮಣ್ಣು ಅನ್ಸುತ್ತೆ. ಅಲ್ಲಿಯ ಮಾತು ಬೇರೆ. ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತೆ. ಅದೂ ಅಲ್ಲದೆ ಮಳೆ ಇರೋವರೆಗೆ ಚೆನ್ನಾಗಿತ್ತು, ಬೋರ್ ನೀರು ಬಿಟ್ಟ ಮೇಲೆ ಕೆಟ್ಟಿತು ಅಂತ ಅವರೇ ಬರೆದಿದ್ದಾರೆ. ಮಣ್ಣು ಅದೇ, ಗೊಬ್ಬರ ಅದೇ. ಬದಲಾಗಿದ್ದು ನೀರು ಮಾತ್ರ.

ಎಡದಂಡೆಕಾಲುವೆ
ಡೋಣಿ ನೀರು ಸವಳು ಅಂತ ಇಡೀ ನಾಡಿಗೆ ಗೊತ್ತೈತಿ. "ಡೋಣಿ ಬೆಳೆದರ ಓಣೆಲ್ಲ ಕಾಳು" ಅಂತಾರ, ಖರೆ. ಆದ್ರ ಅದು ಮಳಿ ನಂಬಿದ ಬಿಳಿಜೋಳದ ಮಾತು. ಅದ ಭೂಮಿಗೆ ಬೋರಿನ ನೀರು ಹಾಯಿಸಿದ್ರ ಕತಿ ಬ್ಯಾರೆ.

ಮಣ್ಣುಪರೀಕ್ಷಕಿ
ಡೋಣಿದಂಡೆಯವರೇ, ಒಂದು ಬಾಟಲಿ ಬೋರ್ ನೀರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಣ್ಣು ಪರೀಕ್ಷಾ ಕೇಂದ್ರಕ್ಕೋ ಕೊಡಿ. ಇಸಿ (ನೀರಲ್ಲಿ ಒಟ್ಟು ಲವಣ ಎಷ್ಟಿದೆ ಎಂದು ತೋರಿಸುವ ಅಂಕಿ), ಪಿಎಚ್ ಎರಡೇ ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕಾರ್ಬೊನೇಟ್, ಬೈಕಾರ್ಬೊನೇಟ್, ಕ್ಲೋರೈಡ್ ಇಷ್ಟೂ ಬೇಕು ಅಂತ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ಎರಡು ಅಂಕಿ ಬರೆದು ಕಳಿಸಿಬಿಡುತ್ತಾರೆ.

ಯಾಕೆ ಅಂದರೆ ಉಪ್ಪು ನೀರು ಅಂತ ನಾವು ಕರೆಯುವುದರಲ್ಲಿ ಎರಡು ಜಾತಿ. ಒಂದರಲ್ಲಿ ಒಟ್ಟು ಲವಣ ಜಾಸ್ತಿ. ಅದು ಬೇರು ನೀರು ಹೀರದ ಹಾಗೆ ಮಾಡುತ್ತದೆ. ಮಣ್ಣು ಒದ್ದೆ ಇದ್ದರೂ ಗಿಡ ಬಾಡುತ್ತದೆ, ತುದಿ ಸುಡುತ್ತದೆ. ಇನ್ನೊಂದರಲ್ಲಿ ಒಟ್ಟು ಲವಣ ಅಷ್ಟಿರದಿದ್ದರೂ ಸೋಡಿಯಂ ಮತ್ತು ಬೈಕಾರ್ಬೊನೇಟ್ ಜಾಸ್ತಿ. ಅದು ಮಣ್ಣನ್ನೇ ಕೆಡಿಸುತ್ತದೆ: ಕಣಗಳು ಬಿಡಿಬಿಡಿಯಾಗಿ ನೀರು ಇಂಗುವುದಿಲ್ಲ, ಒಣಗಿದರೆ ಕಲ್ಲಿನ ಹಾಗೆ ಗಟ್ಟಿ, ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರು. ಎರಡಕ್ಕೂ ಮದ್ದು ಬೇರೆ ಬೇರೆ.

ಬಯಲುಸೀಮೆ88
ರಿಪೋರ್ಟ್ ಬರೋವರೆಗೆ ಗಿಡ ಸತ್ತೋಗ್ತವೆ. ಒಂದು ಮೂಟೆ ಜಿಪ್ಸಂ ತಂದು ಪಾಕೆಟ್‌ಗೆ ಒಂದೊಂದು ಚಮಚ ಹಾಕಿ, ಮುಗೀತು.

ಮಣ್ಣುಪರೀಕ್ಷಕಿ
ಮುಗಿಯುವುದಿಲ್ಲ. ಜಿಪ್ಸಂ ಕೆಲಸ ಮಾಡುವುದು ಎರಡನೇ ಜಾತಿಗೆ, ಅಂದರೆ ಸೋಡಿಯಂ ಹಿಡಿದ ಮಣ್ಣಿಗೆ. ಬರೀ ಒಟ್ಟು ಲವಣದ ಸಮಸ್ಯೆ ಇದ್ದರೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ, ಅದೂ ಒಂದು ಲವಣವೇ. ಒಂದೆರಡು ದಿನ ಕಾಯಲಿ.

ಸಹಜಬೇಸಾಯ
ಇಷ್ಟೆಲ್ಲ ಲೆಕ್ಕಾಚಾರ ಯಾಕೆ? ಜೀವಾಮೃತ ಕೊಡಿ. ಮಣ್ಣಲ್ಲಿ ಸೂಕ್ಷ್ಮಜೀವಿ ಬೆಳೆದರೆ ಉಪ್ಪು ತಾನಾಗಿ ಸರಿ ಹೋಗುತ್ತೆ. ನಮ್ಮ ತೋಟದಲ್ಲಿ ನೋಡಿದ್ದೇವೆ.

ಕೆಂಪುಮಣ್ಣು
ಉಪ್ಪನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸಲ್ಲ ಸ್ವಾಮಿ. ಸೋಡಿಯಂ, ಕ್ಲೋರೈಡ್ ಎಲ್ಲಿಗೆ ಹೋಗಬೇಕು? ನೀರಿನ ಜೊತೆ ಕೆಳಗೆ ಇಳಿದು ಹೋಗಬೇಕು, ಇಲ್ಲಾ ಅಲ್ಲೇ ಇರಬೇಕು.

ಸಹಜಬೇಸಾಯ
ಸಾವಯವ ಅಂಶ ಹೆಚ್ಚಾದ ಮಣ್ಣಲ್ಲಿ ಗಿಡ ಉಪ್ಪು ತಡೆದುಕೊಳ್ಳುತ್ತೆ. ಇದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ.

ಮಣ್ಣುಪರೀಕ್ಷಕಿ
ಇಬ್ಬರ ಮಾತೂ ನಿಜ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಣ್ಣನ್ನು ಸಡಿಲ ಮಾಡುತ್ತದೆ, ನೀರು ಇಂಗಿ ಉಪ್ಪು ಕೆಳಗಿಳಿಯಲು ದಾರಿಯಾಗುತ್ತದೆ. ಅಷ್ಟರಮಟ್ಟಿಗೆ ಲಾಭ. ಆದರೆ 200 ಲೀಟರ್ ಜೀವಾಮೃತಕ್ಕೆ 10 ಲೀಟರ್ ಗೋಮೂತ್ರ ಬೀಳುತ್ತದೆ, ಗೋಮೂತ್ರದಲ್ಲಿ ಉಪ್ಪಿದೆ. ಹೊಲದಲ್ಲಿ ಅದು ಲೆಕ್ಕಕ್ಕಿಲ್ಲ. ಒಂದೂವರೆ ಕೆಜಿ ಮಣ್ಣಿನ ಪಾಕೀಟಿಗೆ ಮತ್ತೆ ಮತ್ತೆ ಹಾಕಿದರೆ ಲೆಕ್ಕಕ್ಕೆ ಬರುತ್ತದೆ. ಕೊಡುವುದಾದರೆ ಚೆನ್ನಾಗಿ ತೆಳು ಮಾಡಿ ಕೊಡಿ. ಕೋಳಿಗೊಬ್ಬರವಂತೂ ಈ ನೀರಿನ ಜೊತೆ ಬೇಡವೇ ಬೇಡ.

ಕಡಲತಡಿ
ನಮ್ಮದು ಕುಂದಾಪುರ ಹತ್ತಿರ, ಹಿನ್ನೀರಿನ ಬದಿ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗ್ತದೆ ಮಾರಾಯ್ರೆ. ಗಾಳಿಮರ, ತೆಂಗು, ಸುರಹೊನ್ನೆ ಆರಾಮ ಬರ್ತಾವೆ. ಆದ್ರೆ ಒಂದು ಮಾತು, ನಮ್ಮ ಕಡೆ ತೆಂಗಿನ ನಾರಿನ ಪುಡಿ ಅಗ್ಗಕ್ಕೆ ಸಿಗ್ತದೆ ಅಂತ ಪಾಕೆಟ್ ತುಂಬ್ಸೂದು. ಉಪ್ಪು ನೀರಲ್ಲಿ ಕೊಳೆ ಹಾಕಿದ ನಾರಿನ ಪುಡಿ ಆದ್ರೆ ಅದ್ರಲ್ಲೇ ಉಪ್ಪು ತುಂಬಿರ್ತದೆ. ಒಳ್ಳೆ ನೀರಲ್ಲಿ ತೊಳೆದೇ ಹಾಕ್ಬೇಕು.

ಡೋಣಿದಂಡೆ
ರಿಪೋರ್ಟ್ ಬಂತ್ರಿ. ಅದರಾಗ ಇದ್ದಂಗ ಹಾಕೀನಿ:
ಪಿಎಚ್ 7.9. ಇಸಿ 3.1. ಕ್ಯಾಲ್ಸಿಯಂ 7, ಮೆಗ್ನೀಸಿಯಂ 6, ಸೋಡಿಯಂ 18. ಕಾರ್ಬೊನೇಟ್ ಇಲ್ಲ, ಬೈಕಾರ್ಬೊನೇಟ್ 5, ಕ್ಲೋರೈಡ್ 18, ಸಲ್ಫೇಟ್ 8. ಪಿಎಚ್, ಇಸಿ ಬಿಟ್ಟು ಉಳಿದದ್ದೆಲ್ಲ ಲೀಟರಿಗೆ ಮಿಲಿ ಈಕ್ವಿವಲೆಂಟ್ ಅಂತ ಬರದಾರ. ಕೃಷಿ ಹೊಂಡದ ನೀರೂ ಕೊಟ್ಟಿದ್ದೆ, ಅದರ ಇಸಿ 0.4.

ಮಣ್ಣುಪರೀಕ್ಷಕಿ
ಒಳ್ಳೆಯ ರಿಪೋರ್ಟ್, ಎರಡೂ ಕಡೆ ಕೂಡಿಸಿದರೆ 31ಕ್ಕೆ 31 ಸರಿಹೋಗುತ್ತದೆ. ಈಗ ಸ್ಪಷ್ಟವಾಯಿತು.

ಬೈಕಾರ್ಬೊನೇಟ್ 5 ರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ 13 ಕಳೆದರೆ ಸೊನ್ನೆಗಿಂತ ಕೆಳಗೆ. ಇದನ್ನೇ ಆರ್‌ಎಸ್‌ಸಿ ಅನ್ನುವುದು. 1.25ರ ಒಳಗಿದ್ದರೆ ಭಯವಿಲ್ಲ, 2.5 ದಾಟಿದರೆ ಆ ನೀರು ಹಾಗೇ ಬಳಸಬಾರದು. ನಿಮ್ಮದಕ್ಕೆ ಆ ಕಾಟವೇ ಇಲ್ಲ. ಸೋಡಿಯಂನ ಅನುಪಾತ, ಎಸ್‌ಎಆರ್, ಸುಮಾರು 7 ಬರುತ್ತದೆ. ಅದೂ ವಿಪರೀತ ಅಲ್ಲ. ಹಾಗಾಗಿ ಜಿಪ್ಸಂ ಬೇಡ. ನಿಮ್ಮ ಸಮಸ್ಯೆ ಒಟ್ಟು ಲವಣ, ಅದರಲ್ಲೂ ಕ್ಲೋರೈಡ್.

ಇಸಿ 3.1 ಅನ್ನು 640 ರಿಂದ ಗುಣಿಸಿ. ಲೀಟರಿಗೆ ಹತ್ತಿರ ಹತ್ತಿರ 2 ಗ್ರಾಂ ಉಪ್ಪು. ಒಂದು ಪಾಕೀಟಿಗೆ ದಿನಕ್ಕೆ 200 ಮಿಲಿ ಹಾಕಿದರೆ 0.4 ಗ್ರಾಂ, ತಿಂಗಳಿಗೆ 12 ಗ್ರಾಂ. ನೀರು ಎಲೆಯಿಂದ, ಮಣ್ಣಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕೆಳಗೆ ಬಸಿಯದಿದ್ದರೆ ಆ ಹನ್ನೆರಡೂ ಗ್ರಾಂ ಒಂದೂವರೆ ಕೆಜಿ ಮಣ್ಣಲ್ಲೇ ಕೂತಿದೆ.

ಬಯಲುಸೀಮೆ88
12 ಗ್ರಾಂ ಅಂದ್ರೆ ಎರಡು ಚಮಚ ಉಪ್ಪು! ಸರಿ, ಜಿಪ್ಸಂ ಮಾತು ವಾಪಸ್.

ನೆರಳುಬಲೆ
ನಾನೂ ಒಪ್ಪಿದೆ, ಇದು ಉಪ್ಪಿನ ಸುಡುವಿಕೆಯೇ. ಆದ್ರೆ "ಗೊಬ್ಬರವೇ ಬೇಡ" ಅನ್ನೋದನ್ನ ಒಪ್ಪಲ್ಲ. ಹಸಿದ ಸಸಿ ಉಪ್ಪು ತಡೆಯುತ್ತಾ? ಇಷ್ಟು ತಿಂಗಳು ಪಾಕೆಟ್‌ನಲ್ಲಿದ್ದ ಸಸಿಗೆ ಸಾರಜನಕ ಬೇಕೇ ಬೇಕು.

ಕೆಂಪುಮಣ್ಣು
ಬೇಕು, ಆದರೆ ಯಾವುದು, ಯಾವಾಗ ಅನ್ನೋದು ಮುಖ್ಯ. ಅಂಗಡಿಯವರು ಹೇಳಿದ ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ. ಕ್ಲೋರೈಡ್ ಜಾಸ್ತಿ ಆಗಿ ನರಳ್ತಿರೋ ಗಿಡಕ್ಕೆ ಅದನ್ನೇ ಚಿಟಿಕೆ ಹಾಕಿ ಅಂದಿದ್ದಾರೆ. ಮನಸ್ಸಿಗೆ ನೋವಾಗುತ್ತೆ ಇಂಥ ಸಲಹೆ ಕೇಳಿದ್ರೆ. ರೈತ ನಂಬಿಕೊಂಡು ಹೋಗಿರ್ತಾನೆ.

ಮಣ್ಣುಪರೀಕ್ಷಕಿ
ಗೊಬ್ಬರಗಳಿಗೆ ಲವಣ ಸೂಚ್ಯಂಕ ಅಂತ ಒಂದು ಅಳತೆ ಇದೆ. ಸೋಡಿಯಂ ನೈಟ್ರೇಟನ್ನು 100 ಅಂತ ಇಟ್ಟುಕೊಂಡರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ (ಅದೇ ಪೊಟ್ಯಾಸಿಯಂ ಕ್ಲೋರೈಡ್) 116, ಯೂರಿಯಾ 75, ಅಮೋನಿಯಂ ಸಲ್ಫೇಟ್ 69, ಸಲ್ಫೇಟ್ ಆಫ್ ಪೊಟ್ಯಾಷ್ 46. ಅಂಕಿ ಕಡಿಮೆ ಇದ್ದಷ್ಟೂ ಬೇರಿಗೆ ಸುಡುವ ಭಯ ಕಡಿಮೆ.

ಇವರ ಸಸಿಗೆ ನನ್ನ ಸಲಹೆ: ಮೊದಲು ಉಪ್ಪು ಬಸಿಯಲಿ, ಹೊಸ ಚಿಗುರು ಸುಡದೆ ಬರಲಿ, ಆಮೇಲೆ ಗೊಬ್ಬರ. ಆಗ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಹೊಂಡದ ನೀರಲ್ಲಿ ಕರಗಿಸಿ. ನೈಟ್ರೇಟ್ ಇದ್ದರೆ ಬೇರು ಕ್ಲೋರೈಡನ್ನು ಕಡಿಮೆ ಎಳೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಸೋಡಿಯಂಗೆ ಅಡ್ಡ ನಿಲ್ಲುತ್ತದೆ. ಪೊಟ್ಯಾಷ್ ಬೇಕೆನಿಸಿದರೆ ಸಲ್ಫೇಟ್ ರೂಪದ್ದು, ಅದೂ ಬೇರೆ ದಿನ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ರಂಜಕದ ಗೊಬ್ಬರದ ಜೊತೆ ಒಂದೇ ಬಕೆಟ್‌ನಲ್ಲಿ ಕಲಸಿದರೆ ಗಸಿ ಕಟ್ಟುತ್ತದೆ.

ಇನ್ನೊಂದು. ಯೂರಿಯಾ ಕರಗಿಸಿ ಮೀಟರ್ ಇಟ್ಟರೆ ಇಸಿ ಏರುವುದಿಲ್ಲ. ಹಾಗಂತ ಅದು ನಿರಪಾಯ ಅಲ್ಲ. ಮಣ್ಣಲ್ಲಿ ಅಮೋನಿಯಂ, ನೈಟ್ರೇಟ್ ಆದಾಗ ಲವಣವಾಗಿಯೇ ಲೆಕ್ಕಕ್ಕೆ ಬರುತ್ತದೆ.

ನೆರಳುಬಲೆ
ಈ ಯೂರಿಯಾ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಒಳ್ಳೆ ಮಾತು.

ಡೋಣಿದಂಡೆ
ಬಸಿಯೂದು ಹ್ಯಾಂಗ್ರಿ? ದಿನಾ ಎರಡು ಹೊತ್ತು ಝಾರಿಲೆ ಸ್ವಲ್ಪ ಸ್ವಲ್ಪ ಹಾಕ್ತೀವಿ. ಪಾಕೀಟಿನ ಕೆಳಗ ತಾಡಪತ್ರಿ ಹಾಸೀವಿ, ಕಸ ಬರಬಾರದಂತ.

ಎಡದಂಡೆಕಾಲುವೆ
ತಾಡಪತ್ರಿ ತಗೀರಿ ಮೊದಲ. ಬಸಿದ ನೀರು ಅದರ ಮ್ಯಾಗ ನಿಂತು, ತಳದ ತೂತಿಂದ ತಿರುಗಿ ಪಾಕೀಟೊಳಗ ಏರತೈತಿ. ಕೆಳಗ ಕಡಿ (ಜಲ್ಲಿಕಲ್ಲು) ಇಲ್ಲಾ ಇಟ್ಟಂಗಿ ಚೂರು ಹಾಸಿ ಅದರ ಮ್ಯಾಗ ಇಡ್ರಿ. ತೂತು ಮುಚ್ಚ್ಯಾವೇನು ಒಂದೆರಡು ಎತ್ತಿ ನೋಡ್ರಿ.

ನಮ್ಮ ಗಂಗಾವತಿ, ಸಿಂಧನೂರು ಕಡೆ ಇದ ಕತಿ ದೊಡ್ಡದಾಗಿ ಆಗೈತಿ. ಕಾಲುವಿ ತಲಿಗೆ ಇದ್ದವರು ವರ್ಷಕ್ಕ ಎರಡು ಭತ್ತ ಹಚ್ಚಿದ್ರು, ನೀರು ಬಸಿಯಾಕ ದಾರಿ ಇಲ್ಲ, ತಳದ ಉಪ್ಪು ಮ್ಯಾಲೆ ಬಂತು. ಎಷ್ಟೋ ಹೊಲ ಸವಳು-ಜವಳು ಬಿದ್ದಾವ. ನೀರು ಕೊಡೂದು ಎಲ್ಲಾರಿಗೂ ನೆಪ್ಪಿರತೈತಿ, ನೀರು ಹೊರಗ ಹಾಕೂದು ಯಾರಿಗೂ ನೆಪ್ಪಿರೂದಿಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಇದರದ ಕೆಲಸ ನಡದೈತಿ, ಹೊಲದೊಳಗ ಪೈಪು ಹೂಳಿ ಬಸಿಗಾಲುವಿ ಮಾಡೂದು ತೋರಸ್ತಾರ. ನಿಮಗ ದೂರ ಆದ್ರೂ ಒಮ್ಮೆ ಹೋಗಿ ಬರ್ರಿ.

ಕೆಂಪುಮಣ್ಣು
ಎರಡು ಹೊತ್ತು ಸ್ವಲ್ಪ ಸ್ವಲ್ಪ ಹಾಕೋದೇ ಕೆಟ್ಟದ್ದು. ಮೇಲಿನ ಎರಡು ಇಂಚು ನೆನೆಯುತ್ತೆ, ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಒಂದೇ ಹೊತ್ತು, ಸಂಜೆ, ತಳದಿಂದ ನೀರು ತೊಟ್ಟಿಕ್ಕೋವರೆಗೆ ಹಾಕಿ. ಹಾಕಿದ್ದರಲ್ಲಿ ಐದನೇ ಒಂದು ಭಾಗವಾದ್ರೂ ಕೆಳಗೆ ಹೋಗಬೇಕು. ಎಲೆ ಮೇಲೆ ಝಾರಿ ಹಿಡೀಬೇಡಿ, ಬುಡಕ್ಕೆ ಮಾತ್ರ. ಎಲೆ ಮೇಲೆ ಬಿದ್ದ ಕ್ಲೋರೈಡ್ ಎಲೆಯಿಂದಲೇ ಒಳಗೆ ಹೋಗುತ್ತೆ. ಹಾಗಂತ ಪಾಕೆಟ್ ಪೂರ್ತಿ ಒಣಗೋಕೂ ಬಿಡಬೇಡಿ. ಮಣ್ಣಿನ ನೀರು ಅರ್ಧ ಆದ್ರೆ ಉಪ್ಪಿನ ಖಾರ ಎರಡು ಪಟ್ಟು.

ಪಾವಗಡಬಿಸಿಲು
ನಮ್ಮೂರ ಶುದ್ಧ ನೀರಿನ ಘಟಕದಿಂದ ವೇಸ್ಟ್ ನೀರು ಚರಂಡಿಗೆ ಹೋಗ್ತಿದೆ. ಅದನ್ನೇ ಸಾಲುಮರಕ್ಕೆ ಬಿಡೋಣ ಅಂತ ಪಂಚಾಯ್ತಿಯಲ್ಲಿ ಮಾತಾಗ್ತಿದೆ. ಬಿಡಬಹುದಾ?

ಮಣ್ಣುಪರೀಕ್ಷಕಿ
ಆ ಘಟಕ ಉಪ್ಪನ್ನು ನಾಶ ಮಾಡುವುದಿಲ್ಲ, ಒಂದು ಕಡೆಗೆ ತಳ್ಳುತ್ತದೆ. ಅರ್ಧ ನೀರು ಕುಡಿಯಲು ಬಂದರೆ ಉಳಿದ ಅರ್ಧದಲ್ಲಿ ಮೂಲ ನೀರಿನ ಎರಡು ಪಟ್ಟು ಉಪ್ಪಿರುತ್ತದೆ. ಅಳೆದು ನೋಡಿ. ಬೆಳೆದ ಬೇವು, ಹೊಂಗೆ, ಜಾಲಿಗೆ ಮರಳು ಮಿಶ್ರಿತ ಮಣ್ಣಲ್ಲಿ ಬಿಟ್ಟರೂ ನಡೆಯಬಹುದು. ಎಳೆ ಸಸಿಗೆ ಬೇಡ.

ಬಯಲುಸೀಮೆ88
ಒಂದು ಡೌಟು. ಬೋರ್ ಪೈಪಿಗೆ ಆಯಸ್ಕಾಂತದ ಸಾಧನ ಹಾಕಿದ್ರೆ ಉಪ್ಪು ಹೋಗುತ್ತೆ ಅಂತ ಒಬ್ಬರು ಮನೆಗೇ ಬಂದು ಹೇಳಿದ್ರು. ರೇಟು ಕೇಳಿ ಎದೆ ಒಡೀತು.

ಕೆಂಪುಮಣ್ಣು
ಇಸಿ ಅಳೆಯೋ ಒಂದು ಪೆನ್ ಮೀಟರ್ ತಗೊಳ್ಳಿ. ಸಾಧನದ ಮುಂಚೆ ಒಂದು ಲೋಟ, ಆದ ಮೇಲೆ ಒಂದು ಲೋಟ. ಅವರ ಎದುರಿಗೇ ಎರಡಕ್ಕೂ ಮೀಟರ್ ಇಡಿ. ಅಂಕಿ ಇಳಿಯದಿದ್ರೆ ಉಪ್ಪು ಅಲ್ಲೇ ಇದೆ.

ನೆರಳುಬಲೆ
ಮೀಟರ್ ತಗೊಳ್ಳೋರು ಇದನ್ನ ಗಮನಿಸಿ: ಟಿಡಿಎಸ್ ಅಂದ್ರೆ ಕರಗಿದ ಒಟ್ಟು ಲವಣ; ಕೆಲವು ಟಿಡಿಎಸ್ ಪೆನ್‌ಗಳು ಇಸಿಯನ್ನ 500 ರಿಂದ ಗುಣಿಸಿ ತೋರಿಸ್ತವೆ, ಕೆಲವು 640, ಕೆಲವು 700. ಇವರ ನೀರೇ ಒಂದರಲ್ಲಿ 1550, ಇನ್ನೊಂದರಲ್ಲಿ 2170 ತೋರಿಸುತ್ತೆ. ಇಸಿ ನೇರವಾಗಿ ತೋರಿಸೋದನ್ನೇ ತಗೊಳ್ಳಿ.

ಮರಳುಗಾಡಿನ ಕನ್ನಡಿಗ
ದುಬೈಯಿಂದ ಬರೀತಿದ್ದೀನಿ, ಊರು ಬಾಗಲಕೋಟೆ. ಇಲ್ಲಿ ತೋಟಗಾರಿಕೆ ಕೆಲಸ. ಇಲ್ಲಿಯ ಅಂತರ್ಜಲದ ಮುಂದೆ ನಿಮ್ಮ 3.1 ಸಿಹಿನೀರು ಅನ್ನಬೇಕು. ಉಪ್ಪು ನೀರಿನ ಬೇಸಾಯಕ್ಕೆ ಅಂತಲೇ 1999ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇಲ್ಲಿದೆ. ಇಲ್ಲಿಯವರು ರಾಷ್ಟ್ರೀಯ ಮರ ಅಂತ ಗೌರವಿಸೋ ಘಾಫ್ ನಮ್ಮ ದಸರಾ ಬನ್ನಿ ಮರವೇ. ಉಪ್ಪು, ಬಿಸಿಲು ಎರಡಕ್ಕೂ ಜಗ್ಗಲ್ಲ.

ನಾವು ಮಾಡೋದು ಹೇಳ್ತೀನಿ. ಮೊಳಕೆಯಿಂದ ನಾಲ್ಕಾರು ಎಲೆ ಬರೋವರೆಗೆ ಸಿಹಿನೀರು ಮಾತ್ರ. ಆ ವಯಸ್ಸಲ್ಲಿ ಬನ್ನಿಯೂ ಮೆದು. ಆಮೇಲೆ ಸ್ವಲ್ಪ ಸ್ವಲ್ಪ ಉಪ್ಪು ನೀರು ಬೆರೆಸ್ತಾ ಹೋಗ್ತೀವಿ, ನೆಡೋ ಹೊತ್ತಿಗೆ ನೆಲದಲ್ಲಿ ಯಾವ ನೀರು ಸಿಗುತ್ತೋ ಅದೇ ನೀರಿಗೆ ಬಂದಿರಬೇಕು. ಪೂರ್ತಿ ಸಿಹಿನೀರಲ್ಲಿ ಸೊಂಪಾಗಿ ಬೆಳೆಸಿ ಒಮ್ಮೆಲೇ ಸವಳು ನೀರಿಗೆ ಇಟ್ಟರೆ ಎಲೆಯೆಲ್ಲ ಉದುರಿಸಿಬಿಡುತ್ತೆ. ಡೋಣಿದಂಡೆ ಅಣ್ಣಾರ, ಬದುವಿಗೆ ಹಚ್ಚಿದ ಮ್ಯಾಲೂ ನಿಮಗ ಇದ ಬೋರ್ ನೀರಲ್ಲೇನ್ರಿ?

ಡೋಣಿದಂಡೆ
ಹೌದ್ರಿ ತಮ್ಮಾರ, ಬ್ಯಾಸಗಿಗೆ ಇದ ಗತಿ. ಜೂನಿಗೆ ಹಚ್ಚಿದ್ರ ಮಳಿ ಮ್ಯಾಲೆ ಬೇರು ಹಿಡೀತಾವ, ಮುಂದ ಡ್ರಿಪ್.

ಮರಳುಗಾಡಿನ ಕನ್ನಡಿಗ
ಹಂಗಿದ್ರ ಈ ಸಲಹಿ ನಿಮಗ ಬೇಕಾಗತೈತಿ. ಡ್ರಿಪ್ ಹಾಕಿದ ಕಡೆ ಉಪ್ಪು ಒದ್ದಿ ಮಣ್ಣಿನ ಅಂಚಿಗೆ ಹೋಗಿ ಕೂಡತೈತಿ. ಮೊದಲ ಸಣ್ಣ ಮಳಿ ಬಂದಾಗ ಅದು ಕರಗಿ ತಿರುಗಿ ಬೇರಿಗೆ ಬರತೈತಿ. ಅದಕ್ಕ ಮೊದಲ ಮಳಿ ಬರೋಮುಂದ ಡ್ರಿಪ್ ಬಂದ್ ಮಾಡಬ್ಯಾಡ್ರಿ, ನಡಸ್ರಿ.

ಪಾವಗಡಬಿಸಿಲು
ಉಪ್ಪಿಗೆ ಬಳ್ಳಾರಿ ಜಾಲಿ ಹಾಕಿ, ಏನೂ ಕೇಳಲ್ಲ.

ಎಡದಂಡೆಕಾಲುವೆ
ದಯಮಾಡಿ ಬ್ಯಾಡ. ಅದು ಹೊಲ ಹಿಡಿದ್ರ ಬಿಡೂದಿಲ್ಲ. ಕೆರಿ ಅಂಗಳ, ಗೋಮಾಳ ಎಲ್ಲಾ ಅದ ತಿಂದೈತಿ. ಕರಿಜಾಲಿ ಹಚ್ಚ್ರಿ, ಕುರಿಗೆ ಕಾಯಿ, ಗಳೇವಿಗೆ ಕಟ್ಟಿಗಿ.

ಕೆಂಪುಮಣ್ಣು
ಈ ನೀರಿಗೆ ಬೇವು, ಹೊಂಗೆ, ಜಾಲಿ, ಬನ್ನಿ, ಬೋರೆ, ಹುಣಸೆ, ನೆಲ್ಲಿ, ಸಪೋಟ ನಡೀತವೆ. ಹೆಬ್ಬೇವು, ತೇಗ, ಸಿಲ್ವರ್ ಓಕ್, ಮಾವು ಕಷ್ಟ. ಲಿಂಬೆ ತೀರಾ ನಾಜೂಕು.

ನೆರಳುಬಲೆ
ಲಿಂಬೆ ಬೇಕೇ ಬೇಕು ಅಂದ್ರೆ ರಂಗಪುರ ಲೈಮ್ ಬೇರಿನ ಮೇಲೆ ಕಣ್ಣು ಕಸಿ ಮಾಡಿದ ಗಿಡ ಹುಡುಕಿ. ಅದು ಕ್ಲೋರೈಡನ್ನು ಎಲೆಗೆ ಕಡಿಮೆ ಬಿಡುತ್ತೆ. ಬೀಜದ ಲಿಂಬೆ ಈ ನೀರಲ್ಲಿ ಬೇಡ.

ಸಹಜಬೇಸಾಯ
ಶ್ರೀಗಂಧದ ಪಾಕೆಟ್‌ನಲ್ಲಿ ಆಸರೆ ಗಿಡ ಇದೆಯಾ? ಅದು ಬೇರೆ ಗಿಡದ ಬೇರಿಂದ ಹೀರಿ ಬದುಕೋದು. ತೊಗರಿಯಾದ್ರೂ ಇರಲಿ. ಉಪ್ಪಿಗೆ ಆಸರೆ ಗಿಡ ಸತ್ತರೆ ಗಂಧವೂ ಸೊರಗುತ್ತೆ.

ಡೋಣಿದಂಡೆ
ತೊಗರಿ ಐತ್ರಿ. ತೊಗರಿ ಎಲಿನೂ ಹಳದಿ ಆಗ್ಯಾವ, ಈಗ ತಿಳೀತು ಯಾಕಂತ.

ಮಣ್ಣುಪರೀಕ್ಷಕಿ
ತೊಗರಿಗೆ ಈ ನೀರು ಆಗುವುದಿಲ್ಲ. ಗಂಧದ ಪಾಕೀಟುಗಳನ್ನು ಬೇರೆ ಸಾಲು ಮಾಡಿ ಹೊಂಡದ ನೀರನ್ನೇ ಕೊಡಿ. ಉಳಿದವಕ್ಕೆ ಬೋರ್ ನೀರು, ಹೊಂಡದ ನೀರು ಸಮಸಮ ಬೆರೆಸಿದರೆ ಇಸಿ 1.75ಕ್ಕೆ ಇಳಿಯುತ್ತದೆ. ಬೇವು, ಹೊಂಗೆಗೆ ಅಷ್ಟು ಸಾಕು. ಹೊಂಡದಲ್ಲಿ ಎಷ್ಟು ನೀರು ಉಳಿದಿದೆ?

ಡೋಣಿದಂಡೆ
ಮೊಣಕಾಲು ಮಟ ಐತ್ರಿ. ಮ್ಯಾಗ ನೆರಳುಬಲಿ ಕಟ್ಟಿ ಆವಿ ಹೋಗದಂಗ ಮಾಡ್ತೀನಿ.

ಕಡಲತಡಿ
ಬರುವ ಮಳೆಗಾಲಕ್ಕೆ ಮಾಡಿನ ನೀರು ಹಿಡೀರಿ. ಸಾವಿರ ಚದರಡಿ ಮಾಡು, ನಿಮ್ಮ ಕಡೆ ವರ್ಷಕ್ಕೆ 600 ಮಿಮೀ ಮಳೆ ಅಂತ ಹಿಡಿದ್ರೂ, ಹಾಳಾದದ್ದು ಕಳೆದು 44,000 ಲೀಟರ್ ಸಿಗ್ತದೆ. ಎರಡು ಸಾವಿರ ಸಸಿಗೆ ದಿನಕ್ಕೆ 400 ಲೀಟರ್ ಅಂದ್ರೆ 110 ದಿನ. ಬೋರ್ ನೀರು ಸಮಸಮ ಬೆರೆಸಿದ್ರೆ ಏಳು ತಿಂಗಳು.

ಡೋಣಿದಂಡೆ
ಎಲ್ಲಾರೂ ಹೇಳಿದಂಗ ಮಾಡೀನ್ರಿ. ತಾಡಪತ್ರಿ ತಗದು ಕಡಿ ಹಾಸೀವಿ. ಮೀಟರ್ ತಂದು, ಒಂದು ಹೆಬ್ಬೇವಿನ ಪಾಕೀಟನ್ನ ತಾಟಿನ್ಯಾಗ ಎರಡು ಕಟ್ಟಿಗಿ ಮ್ಯಾಗ ಇಟ್ಟು ನೀರು ಹಾಕಿ, ತಳದಿಂದ ಬಸಿದ ನೀರು ಹಿಡದು ಅಳದೆ. 9.2! ಚಹಾದ ಬಣ್ಣದ ನೀರು, ನಾಲಿಗಿಗೆ ಹಚ್ಚಿದ್ರ ಉಪ್ಪುಪ್ಪು. ಆಮ್ಯಾಗ ಬೆರಕಿ ನೀರು ದಿನಾ ಸಂಜಿಕ್ಕ ತಳ ಬಸಿಯೂ ತನಕ ಹಾಕಿದ್ವಿ. ಈಗ 4ರ ಒಳಗ ಬಂದೈತಿ. ಹೊಂಗಿ ಚಿಗುರ್ಯಾವ. ಹೆಬ್ಬೇವು ಅರ್ಧ ಉಳದಾವ, ಅವನ್ನ ನಮ್ಮ ಮಾವಾರ ಊರಿಗೆ ಕೊಡ್ತೀನಿ, ಅವರದು ಕೃಷ್ಣಾ ಹೊಳಿ ಸಿಹಿನೀರು. ಬದುವಿಗೆ ಬೇವು, ಹೊಂಗಿ, ಬನ್ನಿ, ಕರಿಜಾಲಿ.

ಎಡದಂಡೆಕಾಲುವೆ
ಅರಣ್ಯ ಇಲಾಖೆ ನರ್ಸರಿಯಿಂದ ಸಸಿ ತಗೊಂಡಿದ್ರ ಕೃಷಿ ಅರಣ್ಯ ಪ್ರೋತ್ಸಾಹ ಯೋಜನಿಯಾಗ ಬದುಕಿದ ಸಸಿಗೆ ಮೂರು ವರ್ಷದಾಗ ರೊಕ್ಕ ಕೊಡ್ತಾರ. ಬನ್ನಿ, ಜಾಲಿ ಹೆಂಗೂ ಹೊಸದಾಗಿ ತರಬೇಕಲ್ಲ, ಅಲ್ಲೇ ಕೇಳ್ರಿ.

ಡೋಣಿದಂಡೆ
ಹೌದಲ್ರಿ, ನಾಳೆನ ಹೋಗ್ತೀನಿ. ಕ್ಯಾಲ್ಸಿಯಂ ನೈಟ್ರೇಟ್ ಈಗ ಚಾಲೂ ಮಾಡ್ಲ್ಯಾ ಅಕ್ಕಾರ?

ಮಣ್ಣುಪರೀಕ್ಷಕಿ
ಹೊಂಗೆ, ಬೇವಿಗೆ ಈಗ ಕೊಡಿ, ಲೀಟರಿಗೆ 1 ಗ್ರಾಂ ದಾಟಬೇಡಿ. ಗಂಧಕ್ಕೆ ಹೊಸ ಚಿಗುರು ಬಂದ ಮೇಲೆ. ಬೇಸಿಗೆ ಏರಿದಂತೆ ಬೋರ್ ನೀರಿನ ಇಸಿಯೂ ಏರಬಹುದು, ಏಪ್ರಿಲ್‌ನಲ್ಲಿ ಮತ್ತೆ ಮೀಟರ್ ಇಟ್ಟು ನೋಡಿ. 3.1 ದಾಟಿದ್ದರೆ ಹೊಂಡದ ನೀರಿನ ಪಾಲು ಹೆಚ್ಚಿಸಿ.